ರಸಪ್ರಶ್ನೆಯ ಸುತ್ತಿಗೆ ನಮ್ಮ ಕಂಪನಿ ನಾಟಕಗಳೂ ಬರಲಿ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಈಗ ರಸಪ್ರಶ್ನೆ ಸ್ಪರ್ಧೆಗಳು ಚೆನ್ನಾಗಿ ನಡೆಯುತ್ತಿವೆ. ಅವುಗಳಲ್ಲಿ ಫ್ಯಾಷನ್, ರಂಗಭೂಮಿ, ಸಿನಿಮಾ ಮೂರನ್ನೂ ಸೇರಿಸಿದ ಒಂದು ಸುತ್ತು ಇದ್ದೇ ಇರುತ್ತದೆ, ಮತ್ತು ಸಭಾಂಗಣ ಹೆಚ್ಚು ಗದ್ದಲವೆಬ್ಬಿಸುವುದು ಆ ಸುತ್ತಿನಲ್ಲಿಯೇ. ನ್ಯೂಯಾರ್ಕಿನ ಸಮಾರಂಭದಲ್ಲಿ ಯಾವ ನಟಿ ಯಾರು ಹೊಲಿದ ಗೌನು ತೊಟ್ಟಿದ್ದಳು, ಲಂಡನ್ನಿನಲ್ಲಿ ದಶಕಗಳಿಂದ ನಡೆಯುತ್ತಿರುವ ನಾಟಕ ಯಾವುದು ಎಂದು ಕೇಳಿದರೆ ನಮ್ಮ ಹುಡುಗ ಹುಡುಗಿಯರು ತಡವರಿಸದೆ ಉತ್ತರಿಸುತ್ತಾರೆ. ಅದನ್ನು ಕಂಡು ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ಆದರೆ ಇಡೀ ಸುತ್ತಿನಲ್ಲಿ ಈ ನೆಲದ ಬಗ್ಗೆ, ಊರೂರು ತಿರುಗಿ ಟಿಕೆಟ್ಟಿಗೆ ಆಡುವ ನಮ್ಮ ಕಂಪನಿ ನಾಟಕಗಳ ಬಗ್ಗೆ ಒಂದು ಪ್ರಶ್ನೆಯೂ ಬರುವುದಿಲ್ಲವೆಂಬುದು ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. ಉಡುಪು, ನಾಟಕ, ಚಿತ್ರ ಈ ಮೂರೂ ಒಂದರೊಳಗೊಂದು ಹೆಣೆದುಕೊಂಡು ಬೆಳೆದ ಪ್ರದೇಶ ನಮ್ಮದು. ಇಲ್ಲಿ ಕುಳಿತು ಅಂಥ ಸುತ್ತನ್ನು ಸಿದ್ಧಪಡಿಸುವವರಿಗೆ ಸರಕಿನ ಕೊರತೆ ಇಲ್ಲ ಎಂಬುದನ್ನು ಉದಾಹರಣೆ ಸಹಿತ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಒಂದು ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಕಳೆದ ಶತಮಾನದ ಮೊದಲ ದಶಕಗಳಲ್ಲಿ, ಹಳೆಯ ಮುಂಬಯಿ ಪ್ರಾಂತದ ಅನುಕೂಲಸ್ಥ ಮನೆಗಳ ಹೆಣ್ಣುಮಕ್ಕಳು ಯಾರನ್ನು ನೋಡಿ ಸೀರೆ ಉಡುವ, ಮೂಗಿಗೆ ನತ್ತು ಇಡುವ, ಮುಡಿಗೆ ಹೂವು ಮುಡಿಯುವ ರೀತಿಯನ್ನು ಬದಲಿಸಿಕೊಂಡರು? ಉತ್ತರ ಒಬ್ಬ ಗಂಡಸು. ಬಾಲಗಂಧರ್ವರೆಂದು ಹೆಸರಾದ ನಾರಾಯಣ ಶ್ರೀಪಾದ ರಾಜಹಂಸ (1888-1967) ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾರ್ಟು ಮಾಡುತ್ತಿದ್ದರು. ರಂಗದ ಮೇಲೆ ಅವರು ಉಡುತ್ತಿದ್ದುದು ಅಪ್ಪಟ ರೇಷ್ಮೆಯ ಬೆಲೆಬಾಳುವ ಸೀರೆ, ಪೂಸುತ್ತಿದ್ದುದು ಅಸಲಿ ಅತ್ತರು; ದೀಪದ ಬೆಳಕಿನಲ್ಲಿ ಯಾವುದಾದರೇನು ಎಂಬ ಮಾತು ಅವರಿಗೆ ಒಪ್ಪಿಗೆ ಇರಲಿಲ್ಲ. ಆ ವೈಭವಕ್ಕಾಗಿ ಅವರ ನಾಟಕ ಮಂಡಳಿ ಸಾಲದಲ್ಲಿ ಮುಳುಗಿದರೂ ಅವರು ಕೈ ಬಿಗಿಹಿಡಿಯಲಿಲ್ಲ. ಇಂದು ನಾವು ಫ್ಯಾಷನ್ ಎನ್ನುವುದು ಪತ್ರಿಕೆಯ ಬಣ್ಣದ ಪುಟಗಳಿಂದಲೋ ಮೊಬೈಲಿನಿಂದಲೋ ಮನೆಯೊಳಗೆ ಬರುವುದಕ್ಕೆ ಎಷ್ಟೋ ಮೊದಲು ನಾಟಕದ ಥೇಟರಿನಿಂದ ಬಂದಿತ್ತು, ಅದೂ ಒಬ್ಬ ಪುರುಷನ ಮೈಮೇಲಿಂದ ಬಂದಿತ್ತು ಎಂಬುದು ಚಿಕ್ಕ ವಿಷಯವಲ್ಲ.

ಇದೇ ಬಾಲಗಂಧರ್ವರು 1935ರಲ್ಲಿ ‘ಧರ್ಮಾತ್ಮಾ’ ಚಿತ್ರದಲ್ಲಿ ಸಂತ ಏಕನಾಥರಾಗಿ, ಅಂದರೆ ಗಂಡು ಪಾತ್ರದಲ್ಲಿ, ಕಾಣಿಸಿಕೊಂಡು, ಆಮೇಲೆ ಮರಳಿ ರಂಗಭೂಮಿಗೇ ಬಂದರು. ಮುಂದೆ ಅವರ ಮಂಡಳಿಯನ್ನು ಸೇರಿ ಸ್ತ್ರೀಪಾತ್ರಗಳನ್ನು ವಹಿಸಿದ ಗೋಹರಬಾಯಿ ಕರ್ನಾಟಕಿ ನಮ್ಮ ಬೀಳಗಿಯವರು. ಗೋಹರಬಾಯಿಯವರ ಸಹೋದರಿ ಅಮೀರಬಾಯಿ ಕರ್ನಾಟಕಿ ಹಿಂದಿ ಚಿತ್ರರಂಗದ ದೊಡ್ಡ ಗಾಯಕಿಯಾದರು. ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿದ 1943ರ ‘ಕಿಸ್ಮತ್’ ಚಿತ್ರದಲ್ಲಿ ಕೇಳುವುದು ಇವರ ಕಂಠ. ಹೀಗೆ ಒಂದು ಸೀರೆಯ ಪ್ರಶ್ನೆಯಿಂದ ಹೊರಟರೆ ನಾಟಕ, ಚಿತ್ರ, ಸಂಗೀತ ಎಲ್ಲವನ್ನೂ ದಾಟಿ ಬೀಳಗಿಗೆ ಬಂದು ಮುಟ್ಟಬಹುದು.

‘ಧರ್ಮಾತ್ಮಾ’ ಚಿತ್ರದ ನಿರ್ದೇಶಕರು ವಿ. ಶಾಂತಾರಾಮ್. ಹುಬ್ಬಳ್ಳಿಯ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. 1901ರಲ್ಲಿ ಕೊಲ್ಹಾಪುರದ ಕಡೆ ಹುಟ್ಟಿದ ಈ ಹುಡುಗ ಕೆಲಕಾಲ ಬಾಲಗಂಧರ್ವರ ಮಂಡಳಿಯಲ್ಲಿದ್ದು, ಬಳಿಕ ನಮ್ಮ ಹುಬ್ಬಳ್ಳಿಗೆ ಬಂದು ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದ. ತಗಡಿನ ಶೆಡ್ಡಿನಲ್ಲಿ ನಡೆಯುತ್ತಿದ್ದ ಇಲ್ಲಿಯ ಚಿತ್ರಮಂದಿರದಲ್ಲಿ ಬಾಗಿಲು ಕಾಯುವುದೂ ಸೇರಿದಂತೆ ಸಿಕ್ಕ ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತಿದ್ದ. ಮೂಕಿ ಚಿತ್ರಗಳನ್ನು ಮತ್ತೆ ಮತ್ತೆ ನೋಡುವ ಅವಕಾಶ ಅವನಿಗೆ ದೊರೆತದ್ದು ಅಲ್ಲಿಯೇ. ಆಮೇಲೆ ಕೊಲ್ಹಾಪುರಕ್ಕೆ ಹೋಗಿ ಬಾಬುರಾವ್ ಪೇಂಟರರ ಕಂಪನಿ ಸೇರಿ, 1929ರಲ್ಲಿ ಗೆಳೆಯರೊಡನೆ ಪ್ರಭಾತ್ ಫಿಲ್ಮ್ ಕಂಪನಿಯನ್ನು ಕಟ್ಟಿ, 1985ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯವರೆಗೆ ಬೆಳೆದದ್ದನ್ನು ದೇಶವೆಲ್ಲ ಬಲ್ಲದು. ನಮ್ಮ ರೈಲು ನಿಲ್ದಾಣದ ಪ್ಲಾಟ್‌ಫಾರ್ಮು 1507 ಮೀಟರ್ ಉದ್ದವಿದ್ದು ಜಗತ್ತಿನಲ್ಲಿಯೇ ಅತಿ ಉದ್ದದ್ದು ಎಂಬುದು ಇಲ್ಲಿಯ ಮಕ್ಕಳಿಗೆ ಬಾಯಿಪಾಠವಾಗಿದೆ. ಅದೇ ಊರಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದ ಹುಡುಗನೊಬ್ಬ ಭಾರತೀಯ ಚಿತ್ರರಂಗದ ದಿಕ್ಕನ್ನು ಬದಲಿಸಿದ ಸಂಗತಿಯೂ ಅವರ ನಾಲಿಗೆಯ ತುದಿಯಲ್ಲಿ ಇರಬೇಕೆಂದು ನಾನು ಬಯಸುತ್ತೇನೆ.

ಬಾಬುರಾವ್ ಪೇಂಟರರು ಚಿತ್ರ ತೆಗೆಯುವುದಕ್ಕೆ ಮೊದಲು ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಅರಮನೆ, ಉದ್ಯಾನ, ಬೀದಿ ಎಂದು ಬಣ್ಣದಲ್ಲಿ ಬರೆದು ಮೇಲಿಂದ ಇಳಿಬಿಡುತ್ತಿದ್ದ ಆ ಸೀನರಿಗಳ ಕೈಚಳಕವೇ ಮುಂದೆ ಸ್ಟುಡಿಯೋದ ಸೆಟ್ಟಾಯಿತು. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ಟಾಕಿ, ಅಂದರೆ ಮಾತಿನ ಚಿತ್ರ, ‘ಸತಿ ಸುಲೋಚನಾ’ ಚಿತ್ರೀಕರಣಗೊಂಡದ್ದು ಸಹ ಕೊಲ್ಹಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ. ಅದರ ಮುಖ್ಯ ಪಾತ್ರಧಾರಿಗಳಾದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಇಬ್ಬರೂ ನಾಟಕದವರೇ. ಅದೇ ಕೊಲ್ಹಾಪುರದಲ್ಲಿ, ಚಿತ್ರಕಲಾವಿದರ ಮನೆಯಲ್ಲಿ ಹುಟ್ಟಿದ ಭಾನು ಅಥೈಯಾ ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಆಸ್ಕರ್ ಪಡೆದ ಮೊದಲ ಭಾರತೀಯರಾದರು. ಈ ಕೊನೆಯ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಆದರೆ ಅದಕ್ಕೂ ನಾಟಕದ ಪರದೆಗೂ ಒಂದೇ ಊರಿನ ನಂಟಿದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಮರಾಠಿ ರಂಗಭೂಮಿಯ ಹೆಸರನ್ನೇ ಹೆಚ್ಚು ಎತ್ತಿದೆನೆಂದು ಯಾರೂ ಬೇಸರಿಸಬಾರದು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಮೊದಲ ಮರಾಠಿ ನಾಟಕವನ್ನು ಆಡಿಸಿದ್ದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದ ಕರ್ಕಿಯಿಂದ ಅಲ್ಲಿಗೆ ಹೋಗಿದ್ದ ಯಕ್ಷಗಾನ ಮೇಳ. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಆ ನಾಟಕಗಳು ನಮ್ಮ ಊರುಗಳಿಗೇ ಬಂದು ಕನ್ನಡಿಗರನ್ನು ಸೆಳೆಯತೊಡಗಿದಾಗ, ಕನ್ನಡಕ್ಕೆ ತನ್ನದೇ ರಂಗವಿರಬೇಕೆಂದು ಹಟ ತೊಟ್ಟು ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದವರು ಶಾಂತಕವಿಗಳೆಂಬ ಸಕ್ಕರಿ ಬಾಳಾಚಾರ್ಯರು. ಆಮೇಲೆ ಅದೇ ಗದಗಿನಿಂದ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಹೊರಟಿತು. ಕುಂದಗೋಳದ ರಾಮಭಾವು ಎಂಬ ಹುಡುಗ ಸ್ತ್ರೀಪಾರ್ಟುಗಳಲ್ಲಿ ಹಾಡಿ ಹಾಡಿಯೇ ಸವಾಯಿ ಗಂಧರ್ವ ಎನಿಸಿಕೊಂಡದ್ದು. ಪುಣೆಯ ಸಂಗೀತ ಮಹೋತ್ಸವದ ಮೂಲಕ ಆ ಹೆಸರನ್ನು ಬಲ್ಲ ಎಷ್ಟೋ ಜನರಿಗೆ ಅವರು ಸೀರೆಯುಟ್ಟು ಸುಭದ್ರೆಯಾಗಿದ್ದರೆಂಬುದು ತಿಳಿದಿಲ್ಲ.

ಇನ್ನು ನನಗೆ ಬಹಳ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅಂಧರಿಗೂ ಅನಾಥರಿಗೂ ಅನ್ನವಿಟ್ಟು ಸಂಗೀತ ಕಲಿಸಿದ ಮಠವೆಂದು ಎಲ್ಲರೂ ಕೈ ಮುಗಿಯುತ್ತಾರೆ. ಆ ಅನ್ನಕ್ಕೆ ಬೇಕಾದ ಹಣದ ಒಂದು ಭಾಗ ನಾಟಕದಿಂದ ಬರುತ್ತಿತ್ತು ಎಂಬುದನ್ನು ಎಷ್ಟು ಜನ ಬಲ್ಲರು? ಆಶ್ರಮಕ್ಕೆ ತನ್ನದೇ ಆದ ನಾಟಕ ಕಂಪನಿ ಇತ್ತು. ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914-2010) ತಾವೇ ನಾಟಕಗಳನ್ನು ರಚಿಸುತ್ತಿದ್ದರು. ಜಾತ್ರೆಯಿಂದ ಜಾತ್ರೆಗೆ ಕ್ಯಾಂಪು ಹಾಕುತ್ತ, ಪೇಟಿ ತಬಲಾಗಳೊಂದಿಗೆ ಊರೂರು ತಿರುಗಿದ ಆ ಕಂಪನಿಯ ಟಿಕೆಟಿನ ಹಣದಿಂದ ಆಶ್ರಮದ ಒಲೆ ಉರಿಯಿತು. ಅವರ ಗುರುಗಳಾದ, ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳ ಬದುಕನ್ನು 1995ರಲ್ಲಿ ಚಿತ್ರವಾಗಿಸಿದವರು ಚಿಂದೋಡಿ ಬಂಗಾರೇಶ್, ಅಂದರೆ ದಾವಣಗೆರೆಯ ಹೆಸರಾಂತ ನಾಟಕ ಮನೆತನದವರು. ಆ ಚಿತ್ರದ ಸಂಗೀತಕ್ಕಾಗಿ ಹಂಸಲೇಖ ಅವರಿಗೂ, ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ರಸಪ್ರಶ್ನೆಯಲ್ಲಿ ಪ್ರಶಸ್ತಿ ಯಾರಿಗೆ ಬಂತೆಂದು ಮಾತ್ರ ಕೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಮಠ, ನಾಟಕ, ಚಿತ್ರ ಮೂರೂ ಒಂದೇ ಉತ್ತರದಲ್ಲಿ ಬಂದು ಸೇರುವಂತೆ ಪ್ರಶ್ನೆ ಕಟ್ಟಿದರೆ ಕೇಳುವವನಿಗೂ ಹೇಳುವವನಿಗೂ ಅದರ ತೂಕ ತಿಳಿಯುತ್ತದೆ.

ಪಿ. ಬಿ. ಧುತ್ತರಗಿಯವರ ಕಂಪನಿ ನಾಟಕವೇ 1974ರಲ್ಲಿ ರಾಜಕುಮಾರ್ ಅವರ ‘ಸಂಪತ್ತಿಗೆ ಸವಾಲ್’ ಆಯಿತೆಂಬುದನ್ನು ಹಿರಿಯರು ಬಲ್ಲರು. ಕಿರಿಯರಿಗೆ ಎಮ್ಮೆಯ ಮೇಲೆ ಕುಳಿತು ಹಾಡುವ ನಾಯಕ ಮಾತ್ರ ನೆನಪಿದ್ದಾನೆ.

ಫ್ಯಾಷನ್ನಿನ ಪ್ರಶ್ನೆಗಳಿಗೂ ಪ್ಯಾರಿಸ್ಸಿನವರೆಗೆ ಹೋಗಬೇಕಿಲ್ಲ. ಇಳಕಲ್ಲ ಸೀರೆಯ ಸೆರಗಿನ ಹಾಸು ಎಳೆಗಳನ್ನು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲುಗಳನ್ನು, ಒಡಲಿನ ಹಾಸು ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ, ಆಮೇಲೆ ನೇಯ್ಗೆ. ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ. ಎಳೆ ಎಣಿಸುತ್ತ ಹೋಗಿ ಅದೇ ದಾರಿಯಲ್ಲಿ ಮರಳಿ ಬರುವ ಗಾವಂತಿ ಹೊಲಿಗೆ ಎರಡೂ ಮಗ್ಗುಲಿಗೆ ಒಂದೇ ಬಗೆಯಾಗಿ ಕಾಣುತ್ತದೆ. ಮದುವೆಯ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಹೀಗೆ ಬಿಡಿಸಿದ ನಮ್ಮ ಅಜ್ಜಿಯಂದಿರ ಕೈಕೆಲಸ ಯಾವ ಫ್ಯಾಷನ್ ಸುತ್ತಿಗೂ ಶೋಭೆ ತರುವಂಥದ್ದು.

ಇವೆಲ್ಲ ಹಳೆಯ ಸಂಗತಿ, ಯಾವ ಪರೀಕ್ಷೆಗೂ ಬರುವುದಿಲ್ಲ ಎನ್ನುವ ಗೆಳೆಯರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ನೆನಪಿನಲ್ಲಿ ಉಳಿಯುವುದು ಕೇಳುವವರಿರುವ ಸಂಗತಿ ಮಾತ್ರ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಹಲವು ಕಂಪನಿಗಳು ಸಾಲಾಗಿ ಥೇಟರು ಹಾಕುತ್ತವೆ. ಹಾನಗಲ್ಲ ತಾಲ್ಲೂಕಿನ ಶೇಷಗಿರಿಯಂಥ ಚಿಕ್ಕ ಊರು ನಾಟಕದಿಂದಲೇ ನಾಡಿಗೆಲ್ಲ ಪರಿಚಿತವಾಗಿದೆ. ಹಾಗಿರುವಾಗ ಕಾಲೇಜಿನ ವೇದಿಕೆಯಲ್ಲಿ ಈ ಲೋಕಕ್ಕೆ ಒಂದು ಪ್ರಶ್ನೆಯಷ್ಟೂ ಜಾಗವಿಲ್ಲವೆಂದರೆ ಅದು ಸರಿಯಲ್ಲ.

ಬರುವ ರಾಜ್ಯೋತ್ಸವದ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳ ರಸಪ್ರಶ್ನೆ ನಡೆಸುವವರು ಕಂಪನಿ ನಾಟಕಕ್ಕೆಂದೇ ಒಂದು ಸುತ್ತನ್ನು ಮೀಸಲಿಡಬೇಕೆಂದು ವಿನಂತಿಸುತ್ತೇನೆ. ಅದಕ್ಕೆ ಬೇಕಾದ ಸಾಮಗ್ರಿಯನ್ನು ನಾವೇ ಕೂಡಿಸಬಹುದು. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ನಾಟಕದ ಹ್ಯಾಂಡ್‌ಬಿಲ್ಲು, ಟಿಕೆಟು, ಪಾತ್ರಧಾರಿಗಳ ಫೋಟೋ ಏನಿದ್ದರೂ ಎರಡೂ ಮಗ್ಗುಲು ಚಿತ್ರ ತೆಗೆದು ಈ ಬರಹದ ಕೆಳಗೆ ಹಾಕಿರಿ. ಯಾವ ಕಂಪನಿ, ಕ್ಯಾಂಪು ಯಾವ ಊರಲ್ಲಿತ್ತು, ನೆಲಕ್ಕೆ ಎಷ್ಟು, ಕುರ್ಚಿಗೆ ಎಷ್ಟು ದರವಿತ್ತು, ಸ್ತ್ರೀಪಾರ್ಟು ಯಾರದಾಗಿತ್ತು ಎಂಬುದು ಅದರಲ್ಲಿ ಅಚ್ಚಾಗಿದ್ದರೆ ಅದನ್ನೂ ಬರೆಯಿರಿ.