ಸ್ಪಷ್ಟನೆ: ‘ಒಂದು ಮೀನು ತಿಂದರೆ ತಿಂಗಳಿಡೀ ವಿಷದ ನೀರು ಕುಡಿದಂತೆ’ ಅನ್ನುವ ಸಂದೇಶದ ಬಗ್ಗೆ

‘ಒಂದು ನದಿ ಮೀನು ತಿಂದರೆ ತಿಂಗಳಿಡೀ ವಿಷದ ನೀರು ಕುಡಿದಂತೆ, ವಿಜ್ಞಾನಿಗಳೇ ಹೇಳಿದ್ದಾರೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಜೊತೆಗೆ ನಮ್ಮ ಕಾವೇರಿಯ ಫೋಟೊ.

ಇದು ಪೂರ್ತಿ ಸುಳ್ಳಲ್ಲ. 2023ರ ಜನವರಿಯಲ್ಲಿ ಅಮೆರಿಕದಲ್ಲಿ ಅಂಥ ಅಧ್ಯಯನ ಪ್ರಕಟವಾಗಿತ್ತು. ಆದರೆ ಅದು ಅಮೆರಿಕದ ನದಿಗಳು ಮತ್ತು ಅಲ್ಲಿನ ಮಹಾಸರೋವರಗಳ (ಗ್ರೇಟ್ ಲೇಕ್ಸ್) ಮೀನುಗಳ ಲೆಕ್ಕ. ಮಾದರಿಗಳು 2013ರಿಂದ 2015ರ ನಡುವಿನವು. ಕಾವೇರಿ ಅದರಲ್ಲಿ ಎಲ್ಲೂ ಇಲ್ಲ. ಫೋಟೊ ಸುಮ್ನೆ ಅಂಟಿಸಿದ್ದು.

‘ವಿಷ’ ಅಂದಿದ್ದು ಪಿಎಫ್‌ಒಎಸ್ ಎಂಬ ಒಂದು ರಾಸಾಯನಿಕಕ್ಕೆ. ಹೋಲಿಸಿದ್ದು, ಲಕ್ಷ ಕೋಟಿಯಲ್ಲಿ 48 ಭಾಗ ಅದು ಬೆರೆತ ನೀರಿನ ಜೊತೆ. ಅಂಗಡಿಯ ಮೀನಿಗೆ ಈ ಲೆಕ್ಕ ಹಾಕಿರಲಿಲ್ಲ. ಅಲ್ಲಿ ಮಾರಾಟದ ಮೀನುಗಳಲ್ಲಿ ಅದರ ಪ್ರಮಾಣ ತುಂಬಾ ಕಡಿಮೆ ಇತ್ತು.

‘ಚರ್ಮ, ಕೊಬ್ಬು ತೆಗೆದರೆ ಸಾಕು’ ಎಂಬ ಸಲಹೆಯೂ ಅರೆಬೆಂದದ್ದು. ಪಿಸಿಬಿ ಎಂಬ ಇನ್ನೊಂದು ಕೈಗಾರಿಕಾ ರಾಸಾಯನಿಕ ಕೊಬ್ಬಿನಲ್ಲಿ ಸೇರುತ್ತದೆ, ಅದಕ್ಕೆ ಸರಿ. ಪಿಎಫ್‌ಒಎಸ್ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ, ಕೊಬ್ಬು ತೆಗೆದರೂ ಹೋಗದು.

ಮೀನಿನಲ್ಲಿರುವ ಇಂಥ ರಾಸಾಯನಿಕ ‘ಏನು ಮಾಡಿದರೂ ಕಡಿಮೆಯಾಗಲ್ಲ’ ಅನ್ನುವುದಂತೂ ತಪ್ಪು. ಮಹಾಸರೋವರಗಳಲ್ಲಿ 1970ರ ದಶಕದಿಂದ ಮೀನು ಪರೀಕ್ಷೆ ನಡೆಯುತ್ತಿದೆ. ಪ್ರತಿ ಬಾರಿ ಹೆಚ್ಚೂಕಡಿಮೆ ಒಂದೇ ಅಳತೆಯ ಲೇಕ್ ಟ್ರೌಟ್ ಎಂಬ ಮೀನು ಹಿಡಿಯುತ್ತಾರೆ. ದೊಡ್ಡ, ಹಳೆಯ ಮೀನಿನಲ್ಲಿ ರಾಸಾಯನಿಕ ಜಾಸ್ತಿ ಇರುತ್ತದೆ, ಗಾತ್ರ ಬೇರೆಯಾದರೆ ಹೋಲಿಕೆಯೇ ಕೆಡುತ್ತದೆ ಅಲ್ವಾ? 1979ರಲ್ಲಿ ಅಮೆರಿಕ ಪಿಸಿಬಿ ತಯಾರಿಕೆ ನಿಷೇಧಿಸಿತು. ಅಂದಿಗಿಂತ ಈಗ ಆ ಮೀನುಗಳಲ್ಲಿ ಪಿಸಿಬಿ ಬಹಳ ಇಳಿದಿದೆ. ಪೂರ್ತಿ ಹೋಗಿಲ್ಲ, ಯಾವ ಮೀನು ಎಷ್ಟು ತಿನ್ನಬಹುದು ಎಂಬ ಸೂಚನೆ ಅಲ್ಲಿ ಈಗಲೂ ಇದೆ.