ಕರ್ನಾಟಕ ಎಂಬ ಹೆಸರು 1973ರಲ್ಲಿ ಹುಟ್ಟಿದ್ದಲ್ಲ

‘ಕರ್ನಾಟಕ ಅನ್ನೋ ಹೆಸರನ್ನ 1973ರಲ್ಲಿ ದೇವರಾಜ ಅರಸು ಸರ್ಕಾರ ಹೊಸದಾಗಿ ಹುಟ್ಟುಹಾಕಿತು’ ಎಂಬ ಮೆಸೇಜು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅರ್ಧ ಮಾತ್ರ ನಿಜ. 1956ರ ನವೆಂಬರ್ 1ರಂದು ಒಂದಾದ ನಾಡಿಗೆ ಮೈಸೂರು ಎಂದೇ ಹೆಸರಿತ್ತು. ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು, ಅರಸು ಮುಖ್ಯಮಂತ್ರಿಯಾಗಿದ್ದಾಗ. ಆದರೆ ಹೆಸರು ಹೊಸದಲ್ಲ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಶುರುವಾದದ್ದೇ 1890ರಲ್ಲಿ. ಅರಸು ಆಗಿನ್ನೂ ಹುಟ್ಟೇ ಇರಲಿಲ್ಲ! ಇನ್ನೂ ಹಿಂದಕ್ಕೆ ಹೋದರೆ, ವಿಜಯನಗರವನ್ನು ಕರ್ಣಾಟ ಸಾಮ್ರಾಜ್ಯ ಅಂತಲೂ ಕರೆಯುತ್ತಿದ್ದರು. ಮಹಾಭಾರತದಲ್ಲೂ ಕರ್ಣಾಟ ಎಂಬ ಹೆಸರು ಬರುತ್ತದೆ.

ಅರ್ಥದ ವಿಷಯಕ್ಕೆ ಬಂದರೆ, ‘ಕರಿ ಮಣ್ಣಿನ ನಾಡು’ ಒಂದೇ ಸರಿ ಅಂತ ಆ ಮೆಸೇಜು ಹೇಳುತ್ತದೆ. ಹಾಗೇನಿಲ್ಲ. ‘ಕರು’ ಅಂದರೆ ಎತ್ತರ, ಹಾಗಾಗಿ ಎತ್ತರದ ನಾಡು ಅನ್ನುವವರೂ ಇದ್ದಾರೆ. ವಿದ್ವಾಂಸರಲ್ಲೇ ಒಮ್ಮತವಿಲ್ಲ.