ನೋವಿಗೆ ಮನಸ್ಸಿನ ಚಿಕಿತ್ಸೆ ಎಂದರೆ ನೋವು ಸುಳ್ಳು ಎಂದಲ್ಲ

ನಿನ್ನೆ ಸಂಜೆ ಅಣ್ಣ ನಮ್ಮ ಮಾವಿನ ತೋಟದ ಕೊನೆಯ ಸಾಲಿನವರೆಗೆ ನಡೆದು ಹೋಗಿ ಬಂದ. ಶ್ರೀನಿವಾಸಪುರ ತಾಲ್ಲೂಕಿನ ಮೂರು ಎಕರೆ ತೋಟ, ಅಂಥ ದೂರವೇನಲ್ಲ. ಆದರೆ ಸೇನೆಯಿಂದ ಬಂದ ಮೇಲಿನ ಏಳು ವರ್ಷಗಳಲ್ಲಿ, ಸೊಂಟನೋವಿನಿಂದಾಗಿ, ಅವನು ಆ ಸಾಲನ್ನು ಕಂಡಿರಲಿಲ್ಲ. ಅಲ್ಲಿ ಎರಡು ಮರ ಒಣಗಿ ನಿಂತಿರುವುದು ಅವನಿಗೆ ನಿನ್ನೆಯೇ ಗೊತ್ತಾಗಿದ್ದು. ಬಂದವನೇ ಅದಕ್ಕಾಗಿ ಅತ್ತಿಗೆಯ ಮೇಲೆ ರೇಗಿದ. ಅತ್ತಿಗೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡರು. ಬೇಸರಕ್ಕಲ್ಲ.

ಅಣ್ಣ 17 ವರ್ಷ ಸೇನೆಯಲ್ಲಿ ಟ್ರಕ್ ಓಡಿಸಿದವನು. ಶ್ರೀನಗರದಿಂದ ಜೋಜಿಲಾ ದಾಟಿ ಲೇಹ್‌ಗೆ ಸಾಮಾನು ಸಾಗಿಸುವ ಕಾನ್‌ವಾಯ್‌ಗಳಲ್ಲಿ ಎಷ್ಟು ಬಾರಿ ಹೋದನೋ ಲೆಕ್ಕವಿಲ್ಲ. ವರ್ಷಗಟ್ಟಲೆ ಭಾರಿ ವಾಹನದ ಅದುರುವ ಸೀಟಿನಲ್ಲಿ ಕುಳಿತವರಿಗೆ ಸೊಂಟ ಕೆಡುವುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಅವನ ಸೊಂಟವೂ ಸೇವೆಯಲ್ಲಿದ್ದಾಗಲೇ ಕೆಟ್ಟಿತ್ತು, ಹೇಳಿಕೊಳ್ಳಲಿಲ್ಲ. ವೈದ್ಯಕೀಯ ಶ್ರೇಣಿ ಕೆಳಗಿಳಿದರೆ ಬಡ್ತಿ ತಪ್ಪೀತೆಂಬ ಭಯ. ಸೇನೆಯಲ್ಲಿ ಪೂರ್ತಿ ಆರೋಗ್ಯವಂತನನ್ನು ‘ಶೇಪ್ ಒನ್’ ಎನ್ನುತ್ತಾರೆ. ಆ ಇಂಗ್ಲಿಷ್ ಪದದ ಐದು ಅಕ್ಷರಗಳು ಐದು ಪರೀಕ್ಷೆಗಳನ್ನು ಸೂಚಿಸುತ್ತವೆ: ಮನಸ್ಸು, ಕಿವಿ, ಕೈಕಾಲು, ದೇಹದ ಶಕ್ತಿ, ಕಣ್ಣು. ಮೊದಲನೆಯದು ಮನಸ್ಸು ಎಂಬುದನ್ನು ಗಮನಿಸಿ. ಸೇನೆಯೇ ಮನಸ್ಸನ್ನು ಪಟ್ಟಿಯ ತಲೆಯಲ್ಲಿಟ್ಟಿದೆ. ಊರಿಗೆ ಬಂದ ಮೇಲೆ ನಾವು ಮಾತ್ರ ಸೈನಿಕನಿಗೆ ಮನಸ್ಸೆಂಬುದು ಇದೆಯೆಂದೇ ಮರೆಯುತ್ತೇವೆ.

ಊರಿಗೆ ಬಂದಾಗ ಅವನಿಗೆ ಇನ್ನೂ 37. ಮಾಜಿ ಸೈನಿಕ ಎಂದರೆ ಬಿಳಿ ಮೀಸೆಯ ಅಜ್ಜ ಎಂದುಕೊಳ್ಳುವವರು ಈ ಸಂಖ್ಯೆಯನ್ನು ನೆನಪಿಡಬೇಕು. ನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕಾವಲು ಕೆಲಸಕ್ಕೆ ಸೇರಿದ. ಹನ್ನೆರಡು ಗಂಟೆ ನಿಲ್ಲಲಾಗದೆ ಬಿಟ್ಟ. ಆಮೇಲೆ ಮಾತ್ರೆಗಳ ಕಾಲ. ಔಷಧಿ ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಡೈಕ್ಲೊಫೆನಾಕ್ ಮಾತ್ರೆಯನ್ನು ಊಟದಂತೆ ನುಂಗಿದ. ಹೊಟ್ಟೆ ಹಾಳಾಯಿತು. ಇಂಥ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೂ ಕುತ್ತು. ದಯವಿಟ್ಟು ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ ಇಂದೇ ತಡೆಯಿರಿ.

ಕೊನೆಗೊಬ್ಬ ವೈದ್ಯರು ಸ್ಕ್ಯಾನ್ ನೋಡಿ, “ಇಷ್ಟು ನೋವಿಗೆ ಇದರಲ್ಲಿ ಕಾರಣ ಕಾಣುವುದಿಲ್ಲ, ಎಲ್ಲವೂ ನಿಮ್ಮ ತಲೆಯಲ್ಲಿದೆ” ಎಂದುಬಿಟ್ಟರು. ಆ ಒಂದು ವಾಕ್ಯದಿಂದ ಅಣ್ಣ ಒಂದೂವರೆ ವರ್ಷ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ. ನನಗೆ ಈಗಲೂ ಸಿಟ್ಟು ಆರಿಲ್ಲ. ಏಕೆಂದರೆ ಅವರು ಹೇಳಿದ್ದರಲ್ಲಿ ಅರ್ಧ ವಿಜ್ಞಾನವಿತ್ತು, ಅದನ್ನು ಅವಮಾನದ ರೂಪದಲ್ಲಿ ಕೊಟ್ಟರು.

ಉಳಿದರ್ಧವನ್ನು ನಾನು ಓದಿ ತಿಳಿದೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಒಂದು ವಿಚಿತ್ರ ಕಂಡರು. ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಬಹುಪಾಲು ಜನ ನೋವಿನ ಔಷಧಿ ಬೇಡವೆಂದಿದ್ದರು. ಇದನ್ನು ಅವರು 1946ರಲ್ಲಿ ಬರೆದರು. ಗಾಯ ಎಷ್ಟೋ ನೋವೂ ಅಷ್ಟೇ ಎಂಬ ಲೆಕ್ಕ ಅಲ್ಲಿ ಮುರಿಯಿತು. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ಬಾಗಿಲಿನಂಥ ವ್ಯವಸ್ಥೆ ಇದೆ, ಅದು ತೆರೆಯುವುದು ಮುಚ್ಚುವುದರಲ್ಲಿ ಮೆದುಳಿಗೂ ಪಾಲಿದೆ ಎಂದರು. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಪ್ರಕಾರವೂ ನೋವು ಇಂದ್ರಿಯದ ಅನುಭವ ಹೌದು, ಭಾವನೆಯ ಅನುಭವವೂ ಹೌದು. ಇದು ಕನ್ನಡಕ್ಕೆ ಹೊಸತಲ್ಲ. ಸೊಂಟಕ್ಕೂ ಮನಸ್ಸಿಗೂ ನಾವು ಬಳಸುವುದು ನೋವು ಎಂಬ ಒಂದೇ ಮಾತನ್ನು.

ಮೂರು ತಿಂಗಳು ಮೀರಿ ಉಳಿದ ನೋವನ್ನು ದೀರ್ಘಕಾಲಿಕ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಎಷ್ಟೋ ಜನರಲ್ಲಿ ಮೂಲ ಪೆಟ್ಟು ಮಾಗಿರುತ್ತದೆ, ನರಮಂಡಲ ಮಾತ್ರ ಎಚ್ಚರ ಬಿಟ್ಟಿರುವುದಿಲ್ಲ. ಮಾವಿನ ಕಾಲದಲ್ಲಿ ನಿದ್ದೆಗೆಟ್ಟ ಕಾವಲುಗಾರ ಕಡೆಕಡೆಗೆ ಎಲೆ ಅಲುಗಿದರೂ ಕೂಗಿಕೊಳ್ಳುತ್ತಾನಲ್ಲ, ಹಾಗೆ. ಕೂಗು ಸುಳ್ಳಲ್ಲ, ಅವನು ನಿಜವಾಗಿಯೂ ಬೆದರಿದ್ದಾನೆ. ಅವನನ್ನು ಸಮಾಧಾನಪಡಿಸುವ ಕ್ರಮಬದ್ಧ ಕೆಲಸವೇ ನೋವಿಗೆ ಕೊಡುವ ಮನಸ್ಸಿನ ಚಿಕಿತ್ಸೆ.

ನಮಗೆ ಸಿಕ್ಕವರು ಬೆಂಗಳೂರಿನ ಒಬ್ಬ ಮನಶ್ಶಾಸ್ತ್ರಜ್ಞೆ. ವಾರಕ್ಕೊಮ್ಮೆ, ಮೊಬೈಲ್ ವಿಡಿಯೊದಲ್ಲಿ, ಮುಕ್ಕಾಲು ಗಂಟೆ. ಸೊಂಟ ಹಿಡಿದವನಿಗೆ ಶ್ರೀನಿವಾಸಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿಬರುವುದೇ ಒಂದು ಶಿಕ್ಷೆ. ಹೋಗಿ ಬಂದರೆ ಎರಡು ದಿನ ಹಾಸಿಗೆ. ನೋವಿನ ಚಿಕಿತ್ಸೆಗೆ ನೋವು ತಿಂದು ಹೋಗುವ ಈ ಅನ್ಯಾಯವನ್ನು ಮೊಬೈಲ್ ತಪ್ಪಿಸಿತು. ಜೊತೆಗೆ, ಮನೋವೈದ್ಯರ ಬಾಗಿಲಲ್ಲಿ ಊರಿನವರ ಕಣ್ಣಿಗೆ ಬೀಳುವ ಭಯವೂ ಇರಲಿಲ್ಲ. ನಮ್ಮಲ್ಲಿ ಇದು ಸಣ್ಣ ಭಯವಲ್ಲ.

ಮೊದಲ ದಿನ ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಹಡಿಯ ಮೇಲೆ ಸಿಗ್ನಲ್ ಸಿಗುವ ಮೂಲೆಯಲ್ಲಿ ನೆಟ್ಟಗೆ ಕುಳಿತ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ ಎಂದು ಅವರು ಕೇಳಿದರು. “ಮೂರು ಮೇಡಂ” ಎಂದ. ಬಾಗಿಲ ಹಿಂದೆ ನಿಂತಿದ್ದ ಅತ್ತಿಗೆ ನನಗೆ ಎಂಟು ಬೆರಳು ತೋರಿಸಿದರು. ನಾಲ್ಕನೆಯ ವಾರದಲ್ಲಿ ಅವನೇ ಎಂಟು ಎಂದು ಒಪ್ಪಿಕೊಂಡ. ನನ್ನ ಪ್ರಕಾರ ಚಿಕಿತ್ಸೆ ಶುರುವಾದದ್ದು ಅಂದು.

ಅವರು ಕಲಿಸಿದ್ದರಲ್ಲಿ ಅವನಿಗೆ ತಕ್ಷಣ ಹಿಡಿಸಿದ್ದು ಒಂದು ಸಂಗತಿ. ನೋವು ಕಡಿಮೆಯಿದ್ದ ದಿನ ಅವನು ಮನೆಯ ಹತ್ತಿರದ ಕೆಲಸವನ್ನೆಲ್ಲ ಒಮ್ಮೆಲೇ ಮಾಡಿ, ಮುಂದಿನ ಮೂರು ದಿನ ಮಲಗುತ್ತಿದ್ದ. ಕೆಲಸವನ್ನು ನೋವು ನಿಲ್ಲಿಸಬಾರದು, ಗಡಿಯಾರ ನಿಲ್ಲಿಸಬೇಕು ಎಂದರು ಅವರು. ಹತ್ತು ನಿಮಿಷ ನಡೆಯಿರಿ, ಚೆನ್ನಾಗಿದ್ದರೂ ಹತ್ತಕ್ಕೇ ಕುಳಿತುಕೊಳ್ಳಿ, ಕೆಲವು ದಿನ ಬಿಟ್ಟು ಹನ್ನೆರಡು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾನ್‌ವಾಯ್‌ನಲ್ಲೂ ಹೀಗೆಯೇ ಮೇಡಂ. ನಿಗದಿ ಮಾಡಿದ ಜಾಗದಲ್ಲಿ ಗಾಡಿ ನಿಲ್ಲಿಸಬೇಕು, ಎಂಜಿನ್ ಕುದಿಯುವವರೆಗೆ ಓಡಿಸುವ ಹಾಗಿಲ್ಲ” ಎಂದ. ಅಲ್ಲಿಂದ ಮುಂದೆ ಅವರು ಅವನ ಮಾತಿನಲ್ಲೇ ಪಾಠ ಮಾಡಿದರು. ಉಸಿರಾಟ, ನಿದ್ದೆಯ ಶಿಸ್ತು, ‘ನಾನು ಯಾವುದಕ್ಕೂ ಬಾರದವನು’ ಎಂಬ ಯೋಚನೆ ಬಂದಾಗ ಅದನ್ನು ಬರೆದು ಪರೀಕ್ಷಿಸುವುದು, ಎಲ್ಲವೂ ಬಂದವು.

ನೋವು ಹೋಯಿತೇ? ಇಲ್ಲ. ಇಂದಿಗೂ ಆರು ಎನ್ನುತ್ತಾನೆ. ಪವಾಡ ಮಾರುವವರನ್ನು ನಂಬಬೇಡಿ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ ಸಮೀಕ್ಷೆ 75 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಈ ಚಿಕಿತ್ಸೆಯಿಂದ ಸಿಗುವ ಲಾಭ ನಿಜ ಆದರೆ ಸಣ್ಣದು ಎಂದೇ ಕಂಡಿತು. 2024ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ದೀರ್ಘಕಾಲದ ನೋವಿರುವ 811 ಮಾಜಿ ಸೈನಿಕರ ಪೈಕಿ ಆನ್‌ಲೈನ್‌ನಲ್ಲಿ ಧ್ಯಾನಾಧಾರಿತ ತರಬೇತಿ ಪಡೆದವರಿಗೆ, ಮಾಮೂಲಿ ಚಿಕಿತ್ಸೆಯಲ್ಲಷ್ಟೇ ಇದ್ದವರಿಗಿಂತ ದಿನನಿತ್ಯದ ಬದುಕು ಸುಧಾರಿಸಿತು, ವರ್ಷದವರೆಗೂ ಉಳಿಯಿತು. ಸಣ್ಣ ಲಾಭ ಎಂಬ ಮಾತು ಪುಸ್ತಕದಲ್ಲಿ ಸಣ್ಣದು. ನಮ್ಮ ಮನೆಯಲ್ಲಿ ಅದು ತೋಟದ ಕೊನೆಯ ಸಾಲು. ಮಗಳ ಶಾಲೆಯ ಸಭೆಯಲ್ಲಿ ಒಂದು ಗಂಟೆ ಕುಳಿತದ್ದು.

ಒಂದು ಎಚ್ಚರಿಕೆ. ಕಾಲಿನ ಶಕ್ತಿ ಕುಂದುತ್ತಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ ಮೊಬೈಲ್ ಬದಿಗಿಟ್ಟು ಆಸ್ಪತ್ರೆಗೆ ಓಡಿ. ಅಲ್ಲದೆ ನಮ್ಮದು ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಸೀಮೆ. ಮೂಳೆ ಕೀಲುಗಳ ನೋವಿಗೆ ಅದೂ ಕಾರಣವಾಗಬಲ್ಲದು. ದೇಹವನ್ನು ಪೂರ್ತಿ ಪರೀಕ್ಷಿಸದೆ ಮನಸ್ಸಿನತ್ತ ಕೈತೋರಿಸುವುದು ಸಲ್ಲದು.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಸೈನಿಕರಿಗೆ ಮತ್ತು ಮಾಜಿ ಸೈನಿಕರಿಗೆಂದು ರಕ್ಷಣಾ ಇಲಾಖೆಯ ‘ಸೆಹತ್’ ದೂರವೈದ್ಯ ಸೇವೆ 2021ರ ಮೇ ತಿಂಗಳಲ್ಲಿ ಬಂತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಶುರುವಾಯಿತು. 14416ಕ್ಕೆ ಕರೆ ಮಾಡಿದರೆ ಹಣವಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು. ಅದಕ್ಕೆ ಬೆನ್ನೆಲುಬಾಗಿರುವುದು ನಮ್ಮ ನಿಮ್ಹಾನ್ಸ್. 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗಾಗಿಯೇ ಇದರ ಪ್ರತ್ಯೇಕ ಘಟಕ ತೆರೆಯಿತು. ಮರುವರ್ಷ ವಿಡಿಯೊ ಸೌಲಭ್ಯ ಬಂದಾಗ ಮೊದಲು ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನಸ್ಸು ಕುಸಿದ ರಾತ್ರಿ ಆ ಸಂಖ್ಯೆ ಜೀವ ಉಳಿಸೀತು, ಬರೆದಿಟ್ಟುಕೊಳ್ಳಿ. ಆದರೆ ನೋವಿನ ಚಿಕಿತ್ಸೆ ಒಂದು ಕರೆಯಲ್ಲಿ ಮುಗಿಯುವುದಿಲ್ಲ. ಅದಕ್ಕೆ ಎಂಟು ಹತ್ತು ವಾರ ಅದೇ ಮುಖ, ಅದೇ ಧ್ವನಿ ಬೇಕು.

ಹಾಗಾಗಿ ನನ್ನ ಬೇಡಿಕೆ ಸ್ಪಷ್ಟ. ಮಾಜಿ ಸೈನಿಕರಿಗೆ 2003ರಿಂದ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಇದೆ. ಅದರ ಪಾಲಿಕ್ಲಿನಿಕ್‌ಗಳಲ್ಲಿ ಸೊಂಟನೋವಿಗೆ ಮಾತ್ರೆ ಬರೆಯುವ ಮೇಜಿನಲ್ಲೇ, ಅದೇ ಚೀಟಿಯಲ್ಲಿ, ಈ ವಾರವಾರದ ಚಿಕಿತ್ಸೆಯನ್ನೂ ಬರೆಯಬೇಕು. ‘ಮಾನಸಿಕ ವಿಭಾಗಕ್ಕೆ ಹೋಗಿ’ ಎಂದು ಬೇರೆ ಬಾಗಿಲು ತೋರಿಸಿದರೆ ಅಣ್ಣನಂಥವರು ನೇರವಾಗಿ ಮನೆಗೆ ಹೋಗುತ್ತಾರೆ. ಚಿಕಿತ್ಸೆ ಕನ್ನಡದಲ್ಲಿರಬೇಕು, ನಮ್ಮ ಗಡಿ ತಾಲ್ಲೂಕುಗಳಲ್ಲಿ ತೆಲುಗಿನಲ್ಲೂ. ಹದಿನೇಳು ವರ್ಷ ಹಿಂದಿಯಲ್ಲಿ ಆಜ್ಞೆ ಪಾಲಿಸಿದವನು ಕಾಲಿಗೆ ಜೋಮು ಹಿಡಿದದ್ದನ್ನು, ಸೊಂಟ ಸಿಡಿಯುವುದನ್ನು, ಹಿಂಡಿದಂತಾಗುವುದನ್ನು ಹೇಳಿಕೊಳ್ಳುವುದು ತಾಯ್ನುಡಿಯಲ್ಲಿ. ಹೆಂಡತಿಗೂ ಒಂದೆರಡು ವಾರ ಮೀಸಲಿಡಬೇಕು. ಅತ್ತಿಗೆಗೆ ಅದು ಸಿಕ್ಕಿದ್ದು ನಮ್ಮ ಅದೃಷ್ಟ. ಮನೆಯಲ್ಲಿ ಸಿಗ್ನಲ್ ಇಲ್ಲದವರಿಗೆ ಪಾಲಿಕ್ಲಿನಿಕ್‌ನಲ್ಲೇ ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ ಕೊಡಲಿ. ನಾವು ಕೈಯಿಂದ ಹಣ ಕೊಟ್ಟೆವು, ನನ್ನ ಶಿಕ್ಷಕಿಯ ಸಂಬಳದಲ್ಲಿ ಅದು ಆಯಿತು. ಎಲ್ಲ ಮನೆಗಳಲ್ಲೂ ಸಂಬಳದ ತಂಗಿ ಇರುವುದಿಲ್ಲ.

ಇದನ್ನು ಹಾಕುವ ಮೊದಲು ಅಣ್ಣನಿಗೆ ಓದಿ ಹೇಳಿದೆ. ಹೆಸರು ಬೇಡ, ಉಳಿದದ್ದೆಲ್ಲ ಇರಲಿ ಎಂದ. ಆಮೇಲೆ ಗಡಿಯಾರ ನೋಡಿಕೊಂಡು ಎದ್ದ. ಇಂದಿನ ನಡಿಗೆ ಹದಿನಾರು ನಿಮಿಷ.